ತುಕ್ಕು ಹಿಡಿದ ಟ್ಯಾಂಕ್ ಹೇಳಿದ ಐವತ್ತು ವರ್ಷಗಳ ಕಥೆ

ಈ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ, ಶಾಸನ ಇಲ್ಲ. ಒಂದು ಪೆಟ್ರೋಲ್ ಟ್ಯಾಂಕ್ ಇದೆ, ಅದರೊಳಗೆ ತುಕ್ಕಿದೆ. ‘ಇದೇನು ಇತಿಹಾಸನಾ?’ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಮೂರು ತಿಂಗಳು ಇದರ ಹಿಂದೆ ಬಿದ್ದ ಮೇಲೆ ಗೊತ್ತಾಗಿದ್ದು ಇಷ್ಟು: ತುಕ್ಕು ಸುಮ್ಮನೆ ಹಿಡಿಯೋದಿಲ್ಲ. ಅದಕ್ಕೆ ಇಸವಿ ಇರುತ್ತೆ, ಕಾರಣ ಇರುತ್ತೆ, ಕೆಲವೊಮ್ಮೆ ಸರ್ಕಾರದ ಒಂದು ಆದೇಶವೂ ಇರುತ್ತೆ.

ಶುರುವಾಗಿದ್ದು ಒಂದು ವಿಡಿಯೊ ಕಾಲ್‌ನಿಂದ. ನಮ್ಮ ದೊಡ್ಡಮ್ಮನ ಮಗ, ನಾನು ಅಣ್ಣ ಅಂತಲೇ ಕರೆಯೋದು, ಅಮೆರಿಕದ ಮಿಷಿಗನ್‌ನಲ್ಲಿದ್ದಾನೆ. ಡೆಟ್ರಾಯಿಟ್ ಹತ್ತಿರ ಒಂದು ಕಾರ್ ಬಿಡಿಭಾಗದ ಕಂಪನಿಯಲ್ಲಿ ಕೆಲಸ. ಒಂದು ಭಾನುವಾರ ರಾತ್ರಿ ಫೋನ್ ಮಾಡಿ, ‘ಏ, ನಿನಗೊಂದು ಶಬ್ದ ಕೇಳಿಸ್ತೀನಿ, ಹೆಡ್‌ಫೋನ್ ಹಾಕ್ಕೋ’ ಅಂದ. ಸ್ಕ್ರೀನಿನಲ್ಲಿ ಪಕ್ಕದ ಮನೆಯವರ ಗ್ಯಾರೇಜು. ನೆಲದ ಮೇಲೆ ತಗಡಿನ ದೊಡ್ಡ ಪೆಟ್ಟಿಗೆಯಂಥದ್ದು. ವಯಸ್ಸಾದವರೊಬ್ಬರು ಮತ್ತು ಅಣ್ಣ ಸೇರಿ ಅದನ್ನು ಎರಡೂ ಕಡೆ ಹಿಡಿದು ಅಲ್ಲಾಡಿಸಿದರು. ಒಳಗಿಂದ ‘ಸರ್... ಸರ್...’ ಅಂತ ಸದ್ದು. ಮೊರದಲ್ಲಿ ರಾಗಿ ಕೇರಿದ ಹಾಗೆ.

‘ಎಲ್ಲಾ ತುಕ್ಕು ಕಣೋ. 1976ರ ಗಾಡಿ. ಇಂಥದ್ದು ಇನ್ನೊಂದು ಟ್ಯಾಂಕ್ ಇದೆ, ಅದನ್ನ ಇನ್ನೂ ಇಳಿಸಿಲ್ಲ’ ಅಂದ ಅಣ್ಣ.

ಆಮೇಲೆ ಕ್ಯಾಮೆರಾ ತಿರುಗಿಸಿ ಗಾಡಿ ತೋರಿಸಿದ. ನಾನು ಬಸ್ ಅಂದುಕೊಂಡೆ. ಬಸ್ ಅಲ್ಲ, ಮನೆ. ಜಿಎಂಸಿ ಮೋಟರ್‌ಹೋಮ್.

ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ. ಆ ಸದ್ದು ನನಗೆ ಹೊಸದಾಗಿರಲಿಲ್ಲ. ಅದಕ್ಕೆ ಎರಡು ವಾರ ಮುಂಚೆ ಮೈಸೂರಿನಲ್ಲಿ ನಮ್ಮ ಸೋದರಮಾವನ ಯೆಜ್ಡಿ ಬೈಕಿನ ಟ್ಯಾಂಕ್ ಅಲ್ಲಾಡಿಸಿದಾಗ ಅದೇ ಸದ್ದು ಕೇಳಿದ್ದೆ. ಆ ಕಥೆಗೆ ಕೊನೆಯಲ್ಲಿ ಬರ್ತೀನಿ. ಮೊದಲು ಮಿಷಿಗನ್‌ಗೆ ಹೋಗೋಣ.

ಟ್ರಕ್ಕಿನ ಮೇಲೆ ಕಟ್ಟದ ಮನೆ

ಅಮೆರಿಕದಲ್ಲಿ ಮೋಟರ್‌ಹೋಮ್ ಅನ್ನೋದು 1960ರ ದಶಕದಲ್ಲಿ ದೊಡ್ಡ ವ್ಯಾಪಾರ ಆಯ್ತು. ಅಯೋವಾ ರಾಜ್ಯದ ವಿನ್ನೆಬಾಗೊ ಕಂಪನಿ 1966ರಲ್ಲಿ ಈ ಮಾರುಕಟ್ಟೆಗೆ ಇಳೀತು. ಆ ಕಾಲದ ಬಹುಪಾಲು ಮೋಟರ್‌ಹೋಮ್‌ಗಳ ಲೆಕ್ಕಾಚಾರ ಸರಳ. ಒಂದು ಟ್ರಕ್ಕಿನ ಚಾಸಿ ತಗೊಳ್ಳೋದು, ಅದರ ಮೇಲೆ ಪೆಟ್ಟಿಗೆಯಂಥ ಮನೆ ಕೂರಿಸೋದು. ಎಂಜಿನ್ ಮುಂದೆ, ಶಕ್ತಿ ಹೋಗಬೇಕಾದ್ದು ಹಿಂದಿನ ಚಕ್ರಕ್ಕೆ. ಹಾಗಾಗಿ ನಡುವೆ ಉದ್ದಕ್ಕೂ ಒಂದು ಶಾಫ್ಟ್ ತಿರುಗ್ತಾ ಇರಬೇಕು. ಅದರ ಮೇಲೆ ಮನೆಯ ನೆಲ. ಅಂದ್ರೆ ನೆಲ ಎತ್ತರ, ಗಾಡಿ ಎತ್ತರ, ಗಾಳಿ ಬೀಸಿದರೆ ತೂಗಾಟ.

ಜನರಲ್ ಮೋಟರ್ಸ್‌ನ ಟ್ರಕ್ ವಿಭಾಗ ಬೇರೆ ದಾರಿ ಹಿಡೀತು. ಅವರದೇ ಗುಂಪಿನ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಅನ್ನೋ ಕಾರು 1966ರ ಮಾದರಿಯಾಗಿ ಬಂದಿತ್ತು. ಮುಂದಿನ ಚಕ್ರಗಳಿಂದಲೇ ಎಳೆಯುವ ಕಾರು. ಅಮೆರಿಕದಲ್ಲಿ 1937ರ ಕಾರ್ಡ್ ಆದಮೇಲೆ ಅಂಥ ಕಾರೇ ಬಂದಿರಲಿಲ್ಲ. ಆ ಕಾರಿನ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ತಂದು ಮೋಟರ್‌ಹೋಮ್‌ನ ಮೂತಿಗೆ ಕೂರಿಸಿದರು. ಎಂಜಿನ್ 455 ಘನ ಇಂಚಿನದ್ದು, ಅಂದ್ರೆ ಸುಮಾರು ಏಳೂವರೆ ಲೀಟರ್, ಎಂಟು ಸಿಲಿಂಡರ್. ನಮ್ಮಲ್ಲಿ ಮಾರುತಿ 800ರ ಎಂಜಿನ್ ಇದೆಯಲ್ಲ, ಅಂಥ ಒಂಬತ್ತನ್ನು ಒಟ್ಟಿಗೆ ಕಟ್ಟಿದ ಹಾಗೆ.

ಹೀಗೆ ಮಾಡಿದ್ದರಿಂದ ಹಿಂದಕ್ಕೆ ಶಾಫ್ಟೇ ಬೇಡವಾಯ್ತು. ನೆಲವನ್ನು ರಸ್ತೆಗೆ ಹತ್ತಿರ ಇಳಿಸಬಹುದಾಯ್ತು. ಹಿಂದೆ ಎರಡೂ ಬದಿಗೆ ಒಂದರ ಹಿಂದೆ ಒಂದು ಚಿಕ್ಕ ಚಕ್ರಗಳು, ಅವುಗಳ ನಡುವೆ ಗಾಳಿ ತುಂಬಿದ ಚೀಲಗಳೇ ಸಸ್ಪೆನ್ಷನ್. ಮೈಗೆ ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸ್. ಉದ್ದ ಎರಡು ಬಗೆ, 23 ಅಡಿ ಮತ್ತು 26 ಅಡಿ. ಮಾರಾಟ ಶುರುವಾಗಿದ್ದು 1973ರ ಮಾದರಿಯಿಂದ, ತಯಾರಾಗಿದ್ದು ಮಿಷಿಗನ್‌ನ ಪಾಂಟಿಯಾಕ್ ಊರಿನಲ್ಲಿ. ಇವತ್ತು ನೋಡಿದರೂ ಅದು ಐವತ್ತು ವರ್ಷ ಹಳೇದು ಅನಿಸೋದಿಲ್ಲ. 1981ರ ‘ಸ್ಟ್ರೈಪ್ಸ್’ ಅನ್ನೋ ಹಾಲಿವುಡ್ ಹಾಸ್ಯ ಚಿತ್ರದಲ್ಲಿ ಇದೇ ಗಾಡಿಗೆ ವೇಷ ಹಾಕಿ ಮಿಲಿಟರಿ ವಾಹನ ಮಾಡಿದ್ದರು. ಅಷ್ಟು ವಿಚಿತ್ರ ಚೆಲುವು ಅದರದ್ದು.

ಈಗ ಟ್ಯಾಂಕಿಗೆ ಬನ್ನಿ. ಏಳೂವರೆ ಲೀಟರ್ ಎಂಜಿನ್ನು, ಹೊತ್ತೊಯ್ಯಬೇಕಾದ್ದು ಇಡೀ ಮನೆ. ಮೈಲೇಜು ಎಷ್ಟಿರಬಹುದು? ಲೀಟರಿಗೆ ಮೂರೂವರೆ, ಬಹಳ ಅಂದ್ರೆ ನಾಲ್ಕು ಕಿಲೋಮೀಟರ್. ಅದಕ್ಕೇ ಎರಡು ಟ್ಯಾಂಕ್ ಕೊಟ್ಟರು. ಎರಡೂ ಸೇರಿ 50 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 189 ಲೀಟರ್. ಅವುಗಳನ್ನು ನೆಲದ ಕೆಳಗೆ, ಚಾಸಿಯ ಎರಡು ಉಕ್ಕಿನ ಪಟ್ಟಿಗಳ ನಡುವೆ ಕೂರಿಸಿದರು. ಶಾಫ್ಟ್ ಇಲ್ಲದೆ ಖಾಲಿ ಉಳಿದಿದ್ದ ಜಾಗ ಹೀಗೆ ಉಪಯೋಗಕ್ಕೆ ಬಂತು. ಯಾವ ಟ್ಯಾಂಕಿನಿಂದ ಎಂಜಿನ್ ಕುಡಿಯಬೇಕು ಅನ್ನೋದನ್ನು ಡ್ರೈವರ್ ಒಂದು ಸ್ವಿಚ್ ಒತ್ತಿ ಬದಲಾಯಿಸಬಹುದು.

ಜಾಣ ವಿನ್ಯಾಸ, ಒಪ್ಪೋಣ. ಆದರೆ ತೊಂದರೆಯೂ ಅಲ್ಲೇ ಇದೆ. ಟ್ಯಾಂಕಿನ ರಬ್ಬರ್ ಪೈಪುಗಳು, ಗಾಳಿ ಹೋಗುವ ಕೊಳವೆಗಳು, ಪೆಟ್ರೋಲ್ ಎಷ್ಟಿದೆ ಅಂತ ಹೇಳುವ ಫ್ಲೋಟು, ಎಲ್ಲ ಇರೋದು ಟ್ಯಾಂಕಿನ ನೆತ್ತಿಯ ಮೇಲೆ. ಅದರ ಮೇಲೆ ಮನೆಯ ನೆಲ. ಕೈ ತೂರಿಸೋಕೆ ಜಾಗ ಇಲ್ಲ. ಒಂದು ಇಂಚು ಪೈಪ್ ಬಿರುಕು ಬಿಟ್ಟರೂ ಇಡೀ ಟ್ಯಾಂಕ್ ಕೆಳಗೆ ಇಳಿಸಬೇಕು. ಹಾಗಾಗಿ ಯಾರೂ ಇಳಿಸೋದಿಲ್ಲ. ವರ್ಷ ಹತ್ತು, ಇಪ್ಪತ್ತು, ಮೂವತ್ತು. ಕಣ್ಣಿಗೆ ಕಾಣದ್ದು ಮನಸ್ಸಿಗೂ ಬರೋದಿಲ್ಲ.

ಒಂದೇ ವರ್ಷದಲ್ಲಿ ಲೆಕ್ಕ ತಿರುಗಿತು

ಗಾಡಿ ಬಂದಿದ್ದು 1973ರಲ್ಲಿ ಅಂದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ಕೊಡೋದನ್ನು ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಬ್ಯಾರಲ್‌ಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ 12 ಡಾಲರ್ ಹತ್ತಿರ ಹೋಯ್ತು. ಪೆಟ್ರೋಲ್ ಬಂಕ್‌ಗಳ ಮುಂದೆ ಮೈಲುದ್ದದ ಸಾಲು. 1974ರ ಜನವರಿಯಲ್ಲಿ ಇಂಧನ ಉಳಿಸೋಕೆ ಅಂತ ದೇಶದಾದ್ಯಂತ ಗಂಟೆಗೆ 55 ಮೈಲಿಯ ವೇಗಮಿತಿ ಹಾಕುವ ಕಾಯ್ದೆಗೆ ಸಹಿ ಬಿತ್ತು.

ಯೋಚನೆ ಮಾಡಿ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಗಾಡಿಯನ್ನು ಮಾರುಕಟ್ಟೆಗೆ ಬಿಟ್ಟ ವರ್ಷವೇ ಹೀಗಾದರೆ? ನಾನು ಬಿ.ಕಾಂ. ಓದಿದವನು, ನನಗೆ ಇಂಥ ಕಡೆ ಕಾಸ್ಟ್ ಶೀಟೇ ಕಣ್ಣ ಮುಂದೆ ಬರುತ್ತೆ. ಆದರೂ ಗಾಡಿ ತಕ್ಷಣ ಸಾಯಲಿಲ್ಲ. 1977ರಲ್ಲಿ ಸ್ವಲ್ಪ ಚಿಕ್ಕದಾದ 403 ಘನ ಇಂಚಿನ ಎಂಜಿನ್ ಕೊಟ್ಟರು. ಅದೇ ವರ್ಷದ ಕೊನೆಗೆ ತಯಾರಿಕೆ ನಿಲ್ಲಿಸುವ ಘೋಷಣೆಯೂ ಬಂತು. 1978ರ ಮಾದರಿಯೇ ಕೊನೆ. ಒಟ್ಟು ತಯಾರಾಗಿದ್ದು 12,921 ಗಾಡಿ ಅನ್ನೋದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ.

ಜನರಲ್ ಮೋಟರ್ಸ್‌ನಂಥ ಕಂಪನಿಗೆ ಇದು ಒಂದು ಸಣ್ಣ ಸಾಲು. ಆದರೆ ಕೊಂಡವರಿಗೆ? ಕಂಪನಿ ಹೋಯ್ತು, ಗಾಡಿ ಉಳೀತು. ಬಹಳಷ್ಟು ಗಾಡಿಗಳು ಮನೆ ಪಕ್ಕದ ಹುಲ್ಲಿನ ಮೇಲೆ ನಿಂತವು. ವರ್ಷಕ್ಕೊಂದು ಪ್ರವಾಸ, ಆಮೇಲೆ ಎರಡು ವರ್ಷಕ್ಕೊಂದು, ಆಮೇಲೆ ಅದೂ ಇಲ್ಲ. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್, ಅರ್ಧ ಗಾಳಿ.

ತುಕ್ಕಿನ ಕಥೆ ಶುರುವಾಗೋದು ಈ ಅರ್ಧ ಗಾಳಿಯಿಂದ.

ತುಕ್ಕಿಗೆ ಮೂರು ದಾರಿ

ಉಕ್ಕು ತುಕ್ಕು ಹಿಡಿಯೋಕೆ ಎರಡು ಬೇಕು, ನೀರು ಮತ್ತು ಆಮ್ಲಜನಕ. ಪೆಟ್ರೋಲ್ ತುಂಬಿದ ಟ್ಯಾಂಕಿನಲ್ಲಿ ಎರಡಕ್ಕೂ ಜಾಗ ಕಡಿಮೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ಇದೆ, ಗಾಳಿಯಲ್ಲಿ ತೇವ ಇದೆ. ಹಗಲು ಬಿಸಿ, ರಾತ್ರಿ ತಂಪು. ತಣ್ಣನೆ ಲೋಟದ ಹೊರಗೆ ಹನಿ ಕಟ್ಟುತ್ತಲ್ಲ, ಹಾಗೇ ಟ್ಯಾಂಕಿನ ಒಳಗೋಡೆಗೆ ಹನಿ ಕಟ್ಟುತ್ತೆ. ನೀರು ಪೆಟ್ರೋಲ್‌ಗಿಂತ ಭಾರ, ಜಾರಿ ತಳಕ್ಕೆ ಹೋಗಿ ಕೂರುತ್ತೆ. ತಳದಲ್ಲಿ ತುಕ್ಕು. ಇದು ಮೊದಲನೇ ದಾರಿ.

ಮಿಷಿಗನ್‌ನಲ್ಲಿ ಹೊರಗಿನಿಂದಲೂ ಒಂದು ದಾರಿ ಇದೆ, ಅದು ಉಪ್ಪು. ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಲಿ ಅಂತ ಉಪ್ಪು ಸುರೀತಾರೆ. ಆ ಉಪ್ಪುನೀರು ಗಾಡಿಯ ಹೊಟ್ಟೆಗೆಲ್ಲ ಸಿಡಿಯುತ್ತೆ. ನನಗೆ ಅಚ್ಚರಿ ಅನಿಸಿದ ಸಂಗತಿ ಅಂದ್ರೆ, ಡೆಟ್ರಾಯಿಟ್ ನಗರದ ಕೆಳಗೇ ಒಂದು ದೊಡ್ಡ ಉಪ್ಪಿನ ಗಣಿ ಇದೆ. ಅಲ್ಲಿಂದ ತೆಗೆಯೋದು ರಸ್ತೆಗೆ ಹಾಕುವ ಉಪ್ಪನ್ನೇ. ಮೇಲೆ ಕಾರು ಮಾಡುವ ಊರು, ಕೆಳಗೆ ಕಾರು ತಿನ್ನುವ ಉಪ್ಪು.

ಮೂರನೇ ದಾರಿ ಇಂಧನದ್ದೇ. ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನಮಗೂ ಸಂಬಂಧಪಟ್ಟದ್ದು.

ಹಳೆಯ ಕಾಲದಲ್ಲಿ ಪೆಟ್ರೋಲ್ ಟ್ಯಾಂಕಿನ ತಗಡಿಗೆ ಸೀಸ ಮತ್ತು ತವರದ ಮಿಶ್ರಣದ ಲೇಪ ಹಾಕ್ತಿದ್ದರು. ಟರ್ನ್ ಪ್ಲೇಟ್ ಅಂತ ಅದರ ಹೆಸರು. ಫ್ರೆಂಚಿನಲ್ಲಿ ಆ ಪದಕ್ಕೆ ಮಂಕಾದದ್ದು, ಹೊಳಪಿಲ್ಲದ್ದು ಅಂತ ಅರ್ಥ. ನಮ್ಮಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸ್ತಿದ್ದರಲ್ಲ, ಅದರ ಅಣ್ಣ ಅನ್ನಿ. ಕಲಾಯಿಯಲ್ಲಿ ತವರವೇ ಮುಖ್ಯ, ಇಲ್ಲಿ ಹೆಚ್ಚಿನ ಪಾಲು ಸೀಸ. ಪೆಟ್ರೋಲ್‌ನಿಂದ ಉಕ್ಕನ್ನು ದಶಕಗಳ ಕಾಲ ಕಾಪಾಡಿದ್ದು ಈ ಮಂಕು ಲೇಪ.

ಪೆಟ್ರೋಲ್‌ನಲ್ಲೂ ಸೀಸ ಇತ್ತು. ಎಂಜಿನ್ ಟಕಟಕ ಬಡಿಯದಿರಲಿ ಅಂತ ಟೆಟ್ರಾಈಥೈಲ್ ಲೆಡ್ ಬೆರೆಸೋದನ್ನು 1921ರಲ್ಲಿ ಕಂಡುಹಿಡಿದವನು ಥಾಮಸ್ ಮಿಜ್ಲಿ. ಅವನು ಕೆಲಸ ಮಾಡ್ತಿದ್ದದ್ದು ಇದೇ ಜನರಲ್ ಮೋಟರ್ಸ್‌ನ ಸಂಶೋಧನಾಲಯದಲ್ಲಿ. ಆ ಸೀಸ ಹೊಗೆಯಾಗಿ ಜಗತ್ತಿನ ಮಕ್ಕಳ ರಕ್ತಕ್ಕೆ ಸೇರಿತು. ಅದನ್ನು ಬಿಡಿಸೋಕೆ ಅರ್ಧ ಶತಮಾನಕ್ಕೂ ಹೆಚ್ಚು ಹಿಡೀತು. ಅಮೆರಿಕದಲ್ಲಿ 1975ರ ಮಾದರಿಯ ಕಾರುಗಳಿಂದ ಸೀಸರಹಿತ ಪೆಟ್ರೋಲ್ ಬೇಕಾಯ್ತು, 1996ಕ್ಕೆ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಪೂರ್ತಿ ನಿಷೇಧ. ಭಾರತದಲ್ಲಿ 2000ದ ಫೆಬ್ರುವರಿಯಲ್ಲಿ ನಿಂತಿತು. ಜಗತ್ತಿನ ಕೊನೆಯ ಬಂಕ್ ಅಲ್ಜೀರಿಯಾದಲ್ಲಿ, 2021ರಲ್ಲಿ.

ಸೀಸ ಹೋದ ಜಾಗಕ್ಕೆ ನಿಧಾನವಾಗಿ ಬಂದದ್ದು ಎಥನಾಲ್. ಅದೂ ಎಂಜಿನ್ ಬಡಿತ ತಡೆಯುತ್ತೆ, ಮೇಲಾಗಿ ಜೋಳದಿಂದ, ಕಬ್ಬಿನಿಂದ ಮಾಡಬಹುದು. ಅಮೆರಿಕದಲ್ಲಿ 1978ರ ಇಂಧನ ತೆರಿಗೆ ಕಾಯ್ದೆ ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ ತೆರಿಗೆ ವಿನಾಯ್ತಿ ಕೊಟ್ಟಿತು. ಇಸವಿ ಗಮನಿಸಿ, ಮೋಟರ್‌ಹೋಮ್‌ನ ಕೊನೆಯ ವರ್ಷ. 2005ರ ಕಾಯ್ದೆ ಜೈವಿಕ ಇಂಧನ ಬೆರೆಸೋದನ್ನೇ ಕಡ್ಡಾಯ ಮಾಡಿತು. ಈಗ ಅಲ್ಲಿ ಸಿಗುವ ಹೆಚ್ಚಿನ ಪೆಟ್ರೋಲ್‌ನಲ್ಲಿ ಶೇ 10 ಎಥನಾಲ್ ಇದೆ. ಶೇ 15 ಬೆರೆಸಿದ್ದಕ್ಕೂ ಅನುಮತಿ ಇದೆ, ಆದರೆ 2001 ಮತ್ತು ಆಮೇಲಿನ ಮಾದರಿಯ ವಾಹನಗಳಿಗೆ ಮಾತ್ರ.

ಎಥನಾಲ್‌ನ ಸ್ವಭಾವ ಏನಂದ್ರೆ ಅದಕ್ಕೆ ನೀರು ಕಂಡರೆ ಪ್ರೀತಿ. ಗಾಳಿಯ ತೇವವನ್ನು ಎಳೆದುಕೊಳ್ಳುತ್ತೆ. ಓಡ್ತಾ ಇರುವ ಗಾಡಿಯಲ್ಲಿ ಅದು ಒಳ್ಳೆಯದೇ, ಅಲ್ಪಸ್ವಲ್ಪ ನೀರು ಅದರ ಜೊತೆಗೇ ಉರಿದು ಹೋಗುತ್ತೆ. ನಿಂತ ಗಾಡಿಯಲ್ಲಿ ಹಾಗಲ್ಲ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಪೆಟ್ರೋಲ್‌ನ ಕೈಬಿಟ್ಟು, ನೀರಿನ ಕೈಹಿಡಿದು, ಬೇರೆ ಪದರವಾಗಿ ತಳಕ್ಕೆ ಇಳಿದುಬಿಡುತ್ತೆ. ತಳದಲ್ಲಿ ಐವತ್ತು ವರ್ಷ ಹಳೆಯ ಉಕ್ಕು, ಲೇಪ ಅಲ್ಲಲ್ಲಿ ಹೋಗಿದೆ. ಜೊತೆಗೆ ಎಥನಾಲ್ ಹಳೆಯ ರಬ್ಬರನ್ನೂ ಮೆತ್ತಗೆ ಮಾಡುತ್ತೆ, ಗೋಡೆಗೆ ಅಂಟಿದ್ದ ಹಳೆಯ ಜಿಡ್ಡನ್ನು ಬಿಡಿಸಿ ಫಿಲ್ಟರ್ ಕಟ್ಟಿಸುತ್ತೆ.

ಅಂದ್ರೆ ಮಿಷಿಗನ್‌ನ ಆ ಟ್ಯಾಂಕನ್ನು ಒಂದು ಇಂಧನಕ್ಕೆ ಅಂತ ಮಾಡಿದರು, ಅದು ಬದುಕಿದ್ದು ಇನ್ನೊಂದು ಇಂಧನದಲ್ಲಿ. ತಪ್ಪು ಟ್ಯಾಂಕಿನದ್ದಲ್ಲ. ಎಥನಾಲ್‌ದೂ ಅಲ್ಲ ಅಂತ ನಾನು ಹೇಳ್ತೀನಿ, ಸೀಸಕ್ಕೆ ಹೋಲಿಸಿದರೆ ಅದು ಎಷ್ಟೋ ವಾಸಿ. ಕಾಲ ಬದಲಾಯ್ತು, ತಗಡು ಬದಲಾಗಲಿಲ್ಲ, ಅಷ್ಟೆ.

ಇಳಿಸಿ, ತೊಳೆದು, ಮತ್ತೆ ಏರಿಸೋದು

ಅಣ್ಣನ ಪಕ್ಕದ ಮನೆಯವರು ನಿವೃತ್ತ ಎಂಜಿನಿಯರ್. ಅವರು ಕೆಲಸ ಮಾಡಿದ ಕ್ರಮವನ್ನು ನಾಲ್ಕು ವಾರ ವಿಡಿಯೊದಲ್ಲಿ ನೋಡಿದೆ. ಅವಸರ ಅನ್ನೋದೇ ಇಲ್ಲ ಆ ಮನುಷ್ಯನಿಗೆ.

ಮೊದಲು ಬ್ಯಾಟರಿ ತಂತಿ ಬಿಚ್ಚಿದರು. ಗಾಡಿಯನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದರು. ಇದ್ದ ಪೆಟ್ರೋಲ್ ಹೊರಗೆ, ಬಯಲಿನಲ್ಲಿ ಖಾಲಿ ಮಾಡಿದರು. ಬಂದದ್ದು ಪೆಟ್ರೋಲ್ ಬಣ್ಣದ್ದಲ್ಲ, ಕಾಫಿ ಡಿಕಾಕ್ಷನ್ ಬಣ್ಣದ್ದು. ಆಮೇಲೆ ಟ್ಯಾಂಕನ್ನು ಜ್ಯಾಕಿನ ಮೇಲೆ ತಾಳಿಸಿ, ಪಟ್ಟಿ ಬಿಚ್ಚಿ, ಕೈ ಹೋಗುವಷ್ಟು ಇಳಿಸಿ, ಮೇಲಿನ ಪೈಪುಗಳಿಗೆಲ್ಲ ಗುರುತಿನ ಚೀಟಿ ಕಟ್ಟಿ ಕಳಚಿದರು. ಯಾವ ಪೈಪು ಎಲ್ಲಿಗೆ ಅಂತ ಮರೆತರೆ ಮತ್ತೆ ಸೇರಿಸೋದು ಕಷ್ಟ.

‘ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ ಅಂತೆ’ ಅಂದ ಅಣ್ಣ. ನಾನು ನಂಬಲಿಲ್ಲ, ಓದಿ ನೋಡಿದೆ. ನಿಜ. ಉರಿಯೋದು ಪೆಟ್ರೋಲ್ ದ್ರವ ಅಲ್ಲ, ಅದರ ಆವಿ. ಗಾಳಿಯಲ್ಲಿ ಆ ಆವಿ ಸುಮಾರು ಶೇ 1.4ರಿಂದ 7.6ರಷ್ಟು ಇದ್ದರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವೇ ಇಲ್ಲ. ಖಾಲಿ ಮಾಡಿದ ಟ್ಯಾಂಕಿನಲ್ಲಿ ಗಾಳಿ, ಆವಿ ಎರಡೂ ಇವೆ. ಈ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತೆ. ಅದಕ್ಕೇ ಮೊದಲ ಕೆಲಸ ತುಕ್ಕು ತೆಗೆಯೋದಲ್ಲ, ಆವಿ ತೆಗೆಯೋದು. ಬಿಸಿನೀರು, ಸೋಪಿನ ಪುಡಿ, ಮತ್ತೆ ಬಿಸಿನೀರು. ಐದಾರು ಸಲ.

ತುಕ್ಕು ತೆಗೆಯೋಕೆ ಹಲವು ಮಾರ್ಗ. ಹಳೆಯ ಪದ್ಧತಿ ಅಂದ್ರೆ ಒಳಗೆ ನಟ್ಟು, ಬೋಲ್ಟು, ಸರಪಳಿ ಹಾಕಿ ಕುಲುಕೋದು. ಪದರ ಪದರವಾಗಿ ಬಂದಿದ್ದೆಲ್ಲ ಉದುರುತ್ತೆ. ಎರಡನೆಯದು ಹುಳಿ, ಅಂದ್ರೆ ವಿನಿಗರ್. ನಿಧಾನ, ಆದರೆ ಮೃದು. ಮೂರನೆಯದು ಫಾಸ್ಫಾರಿಕ್ ಆಮ್ಲ, ಇದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಅನ್ನೋ ಗಟ್ಟಿ ಪದರವಾಗಿ ಬದಲಾಯಿಸುತ್ತೆ.

ಅವರು ಆರಿಸಿಕೊಂಡದ್ದು ನಾಲ್ಕನೆಯದು, ವಿದ್ಯುತ್ತಿನ ದಾರಿ. ಟ್ಯಾಂಕಿನ ತುಂಬ ನೀರು, ಅದರಲ್ಲಿ ವಾಷಿಂಗ್ ಸೋಡಾ. ಬ್ಯಾಟರಿ ಚಾರ್ಜರ್‌ನ ಮೈನಸ್ ತಂತಿ ಟ್ಯಾಂಕಿಗೆ, ಪ್ಲಸ್ ತಂತಿ ಬಾಯಿಯಿಂದ ಒಳಗೆ ಇಳಿಬಿಟ್ಟ ಕಬ್ಬಿಣದ ಸಲಾಕೆಗೆ. ಸಲಾಕೆ ಎಲ್ಲೂ ಟ್ಯಾಂಕಿಗೆ ತಾಗಬಾರದು. ಸ್ಟೇನ್‌ಲೆಸ್ ಸ್ಟೀಲ್ ಸಲಾಕೆಯಂತೂ ಬೇಡವೇ ಬೇಡ, ವಿಷಕಾರಿ ಕ್ರೋಮಿಯಂ ಬಿಡುತ್ತೆ. ಗಂಟೆಗಟ್ಟಲೆ ಬಿಟ್ಟರೆ ತುಕ್ಕು ಸಡಿಲವಾಗಿ ಬಿಟ್ಟುಕೊಳ್ಳುತ್ತೆ, ಒಳ್ಳೆಯ ಉಕ್ಕಿಗೆ ಪೆಟ್ಟಾಗೋದಿಲ್ಲ. ಸಲಾಕೆ ಮಾತ್ರ ಸವೆಯುತ್ತೆ. ಹೊರಬರುವ ಗುಳ್ಳೆಗಳಲ್ಲಿ ಜಲಜನಕ ಇರೋದರಿಂದ ಇದನ್ನೂ ಬಯಲಿನಲ್ಲೇ ಮಾಡಬೇಕು.

ಕೊನೆಯ ಘಟ್ಟವೇ ಸೂಕ್ಷ್ಮ. ತೊಳೆದ ಉಕ್ಕು ಬೆತ್ತಲೆ ಉಕ್ಕು. ಒದ್ದೆ ಬಿಟ್ಟರೆ ಕಣ್ಣೆದುರೇ ಕೇಸರಿ ಬಣ್ಣ ತಿರುಗುತ್ತೆ. ತಕ್ಷಣ ಬಿಸಿಗಾಳಿ ಬಿಟ್ಟು ಒಣಗಿಸಿ, ಒಳಗೆ ಎಣ್ಣೆ ಸವರಿದರು. ಎಪಾಕ್ಸಿ ಲೇಪ ಹಾಕಿಸೋಣವೇ ಅಂತ ಯೋಚಿಸಿ ಬಿಟ್ಟರಂತೆ. ಯಾಕಂದ್ರೆ ಹಿಂದಿನ ಮಾಲೀಕರು ಯಾವುದೋ ಕಾಲದಲ್ಲಿ ಹಾಕಿಸಿದ್ದ ಲೇಪವೇ ಎಥನಾಲ್‌ಗೆ ಕರಗಿ, ಸಿಪ್ಪೆ ಸಿಪ್ಪೆಯಾಗಿ ಪೈಪ್ ಕಟ್ಟಿಕೊಂಡಿತ್ತು. ಹಿಂದೆ ಮಾಡಿದ ರಿಪೇರಿಯನ್ನೂ ರಿಪೇರಿ ಮಾಡಬೇಕಾದ ಪರಿಸ್ಥಿತಿ. ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಹೊಸ ರಬ್ಬರಿಗೆ ಬದಲಾಯಿಸಿ, ಟ್ಯಾಂಕಿನ ಹತ್ತಿರವೇ ಒಂದು ಎಲೆಕ್ಟ್ರಿಕ್ ಪಂಪ್ ಸೇರಿಸಿದರು. ಈಗಿನ ಪೆಟ್ರೋಲ್ ಬಿಸಿಗೆ ಬೇಗ ಆವಿಯಾಗಿ ದಾರಿಯಲ್ಲೇ ಗುಳ್ಳೆ ಕಟ್ಟುತ್ತೆ, ಎಂಜಿನ್ ಹತ್ತಿರದ ಹಳೆಯ ಪಂಪು ಅಷ್ಟು ದೂರದಿಂದ ಎಳೆಯೋಕೆ ಒದ್ದಾಡುತ್ತೆ ಅಂತ.

ಇದನ್ನೆಲ್ಲ ಅವರಿಗೆ ಹೇಳಿಕೊಟ್ಟವರು ಯಾರು? ಕಂಪನಿ ಅಲ್ಲ. ನಲವತ್ತೈದು ವರ್ಷಗಳಿಂದ ಆ ಗಾಡಿಗಳನ್ನು ಇಟ್ಟುಕೊಂಡಿರುವ ಮಾಲೀಕರು ಒಬ್ಬರಿಂದ ಒಬ್ಬರಿಗೆ ದಾಟಿಸಿದ ತಿಳಿವಳಿಕೆ. ಬಿಡಿಭಾಗ ಸಿಗದೇ ಹೋದಾಗ ಕೆಲವನ್ನು ಅವರೇ ಹೊಸದಾಗಿ ಮಾಡಿಸಿಕೊಂಡಿದ್ದಾರೆ. ಕೈಬರಹದ ಟಿಪ್ಪಣಿ, ಜೆರಾಕ್ಸ್ ಮಾಡಿದ ಚಿತ್ರ, ವರ್ಷಕ್ಕೊಮ್ಮೆ ಸೇರುವ ಜಾತ್ರೆ. ನನ್ನ ಪ್ರಕಾರ ಇದೂ ಒಂದು ಪರಂಪರೆ, ಬಾಯಿಂದ ಬಾಯಿಗೆ ಬಂದ ಇತಿಹಾಸ.

ಮೈಸೂರಿನ ಟ್ಯಾಂಕ್

ಈಗ ನಮ್ಮ ಮಾವನ ಬೈಕು. 1984ರ ಯೆಜ್ಡಿ ರೋಡ್‌ಕಿಂಗ್. ಮೈಸೂರಿನವರಿಗೆ ಹೇಳಬೇಕಾಗಿಲ್ಲ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಬೈಕುಗಳನ್ನು ತಯಾರಿಸಿತು. ಅದು ಮುಚ್ಚಿದಾಗ ನಾನಿನ್ನೂ ಹುಟ್ಟಿರಲಿಲ್ಲ. ಜಿಎಂಸಿ ಗಾಡಿಯ ಕಥೆ ಕೇಳುವಾಗ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಇದೇ. ಕಂಪನಿ ಹೋಯ್ತು, ಗಾಡಿ ಉಳೀತು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಇವತ್ತಿಗೂ ಜನ ಹಳೇ ಬೈಕು ಹೊರಗೆ ತೆಗೀತಾರಲ್ಲ, ಅದೂ ಆ ಮಿಷಿಗನ್ ಜಾತ್ರೆಯ ತಮ್ಮನೇ.

ಮಾವ ಬೈಕ್ ಓಡಿಸೋದು ಬಿಟ್ಟು ಹನ್ನೆರಡು ವರ್ಷ ಆಗಿತ್ತು. ಈ ವರ್ಷ ಆರ್‌ಸಿ ನವೀಕರಣಕ್ಕೆ ಬಂತು. ಬೈಕು ಓಡಬೇಕು, ಆರ್‌ಟಿಒ ಅವರಿಗೆ ತೋರಿಸಬೇಕು. ಇಲ್ಲದಿದ್ದರೆ ಗುಜರಿ. ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಅಂತ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ, ಆದರೆ ಈ ಬೈಕಿಗೆ ಐವತ್ತು ತುಂಬೋದು 2034ಕ್ಕೆ. ಅತ್ತೆ ಗುಜರಿಯವರ ಹತ್ತಿರ ತೂಕದ ರೇಟೂ ಕೇಳಿಟ್ಟಿದ್ದರು. ಮಾವ ಏನೂ ಮಾತಾಡಲಿಲ್ಲ. ಬೈಕಿನ ಹತ್ತಿರ ಹೋಗಿ ಸೀಟು ಒರೆಸಿ ಬಂದರು, ಅಷ್ಟೆ. ನಾನೇ ಮುಂದೆ ಬಿದ್ದು ‘ನಾನು ರೆಡಿ ಮಾಡಿಸ್ತೀನಿ ಮಾವ’ ಅಂದೆ.

ಅಲ್ಲಿ ನಾನು ಮಾಡಿದ ದಡ್ಡತನ ಕೇಳಿ. ಮಿಷಿಗನ್‌ನವರು ನಾಲ್ಕು ವಾರ ತಗೊಂಡ ಕೆಲಸವನ್ನು ನಾನು ಒಂದು ರಾತ್ರಿಯಲ್ಲಿ ಮುಗಿಸೋಕೆ ಹೊರಟೆ. ಬಚ್ಚಲು ತೊಳೆಯುವ ಆಸಿಡ್ ತಂದು ಟ್ಯಾಂಕಿಗೆ ಸುರಿದು, ಮುಚ್ಚಳ ಸಡಿಲ ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಿಲ ಕಲ್ಲು ಒದ್ದೆ. ಟ್ಯಾಂಕಿನ ತಳದಲ್ಲಿ ಮೂರು ಸೂಜಿ ತೂತು. ಆಸಿಡ್ ತುಕ್ಕನ್ನೂ ತಿಂದಿತ್ತು, ತುಕ್ಕಿನ ಹಿಂದೆ ಉಳಿದಿದ್ದ ತೆಳು ತಗಡನ್ನೂ ತಿಂದಿತ್ತು. ಕೆಲವು ಕಡೆ ಗೋಡೆ ಅಂತ ಇದ್ದದ್ದೇ ಆ ತುಕ್ಕು.

ಮಾವ ಬಂದು ನೋಡಿದರು. ಬೈತಾರೆ ಅಂದುಕೊಂಡೆ. ‘ಏನಪ್ಪಾ, ಶವರ್ ಮಾಡಿಬಿಟ್ಟಿದ್ದೀಯಲ್ಲ’ ಅಂದರು. ನಕ್ಕರು. ನನಗೆ ನಗು ಬರಲಿಲ್ಲ.

ಟ್ಯಾಂಕ್ ತಗೊಂಡು ಬೆಸುಗೆ ಅಂಗಡಿಗೆ ಹೋದೆ. ಅರವತ್ತು ದಾಟಿದ ಮೇಸ್ತ್ರಿ ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. ‘ಇವತ್ತು ಆಗಲ್ಲ, ಇದರಲ್ಲಿ ಇನ್ನೂ ಜೀವ ಇದೆ’ ಅಂದರು. ಆಸಿಡ್ ಹಾಕಿ ತೊಳೆದಿದ್ದೀನಿ ಅಂದರೂ ಕೇಳಲಿಲ್ಲ. ಎರಡು ದಿನ ಬಿಸಿನೀರು, ಸೋಪಿನ ನೀರಿನಲ್ಲಿ ತೊಳೆದು, ಬಿಸಿಲಿಗೆ ಬಾಯಿ ಬಿಚ್ಚಿಟ್ಟರು. ಆಮೇಲೆ ಟ್ಯಾಂಕನ್ನು ತಲೆಕೆಳಗು ಮಾಡಿ, ಒಳಗೆ ನೀರು ತುಂಬಿಸಿ, ತೂತಿರುವ ಜಾಗದಲ್ಲಿ ಬೆರಳಷ್ಟು ಮಾತ್ರ ಖಾಲಿ ಬಿಟ್ಟು, ಆಮೇಲೆ ಗ್ಯಾಸ್ ಹಚ್ಚಿದರು. ಆವಿಗೆ ಕೂರೋಕೆ ಜಾಗವೇ ಇರಬಾರದು ಅನ್ನೋದು ಲೆಕ್ಕ. ಶೇ 1.4, ಶೇ 7.6 ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಆ ಅಂಕಿ ಹೇಳುವ ವಿಷಯ ಮಾತ್ರ ನನಗಿಂತ ಚೆನ್ನಾಗಿ ಗೊತ್ತಿತ್ತು.

ಉಳಿದ ತುಕ್ಕಿಗೆ ಎರಡನೇ ಸಲ ವಿನಿಗರ್ ಹಾಕಿದೆ, ದಿನಕ್ಕೆರಡು ಸಲ ನೋಡಿಕೊಂಡು. ‘ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಾಕೋದು ನೋಡಿಲ್ವಾ? ಹುಳಿ ಇಟ್ಟರೆ ಕಾಯಬೇಕು’ ಅಂದರು ಅಮ್ಮ. ಇದನ್ನೇ ಮೊದಲ ದಿನ ಹೇಳಿದ್ದರೆ ಅಂತ ಕೇಳಿದೆ. ‘ನೀನು ಕೇಳಿದ್ರೆ ತಾನೆ?’ ಅಂದರು. ಆಮೇಲೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿದೆ. ಯೆಜ್ಡಿ ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲ್ ಜೊತೆಗೇ ಎಣ್ಣೆ ಹಾಕ್ತೀವಲ್ಲ, ಗೋಡೆಗೆ ಅದೂ ಒಂದು ಸಣ್ಣ ರಕ್ಷಣೆ.

ಮುಂದೇನು ಅನ್ನೋ ಪ್ರಶ್ನೆ ಇದ್ದೇ ಇದೆ. ನಮ್ಮ ದೇಶದಲ್ಲಿ ಪೆಟ್ರೋಲ್‌ಗೆ ಎಥನಾಲ್ ಬೆರೆಸುವ ಮಾತು ಹೊಸದಲ್ಲ, 1948ರಲ್ಲೇ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು. ಶೇ 20 ಎಥನಾಲ್ ಇರುವ ಇ20 ಪೆಟ್ರೋಲ್‌ಗೆ ಚಾಲನೆ ಕೊಟ್ಟಿದ್ದು 2023ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗೋದು ಅದೇ. ಮಂಡ್ಯದ ಕಬ್ಬು ಬೆಳೆಗಾರನಿಗೆ ಅದರಲ್ಲಿ ಒಂದು ಪಾಲು ಇದೆ, ತೈಲ ಆಮದು ಕಡಿಮೆಯಾದರೆ ದೇಶಕ್ಕೂ ಲಾಭ. ಅದನ್ನು ಬೇಡ ಅನ್ನೋಕೆ ನಾನು ಯಾರು? ಆದರೆ ನಿಮ್ಮ ಮನೆಯಲ್ಲಿ ಹಳೆಯ ಸ್ಕೂಟರೋ ಬೈಕೋ ನಿಂತಿದ್ದರೆ ಇಷ್ಟು ಮಾಡಿ: ಅರ್ಧ ಟ್ಯಾಂಕ್ ಪೆಟ್ರೋಲ್ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಓಡಿಸಿ, ಇಲ್ಲವೇ ಪೂರ್ತಿ ತೆಗೆಸಿ ಒಣಗಿಸಿಡಿ. ರಬ್ಬರ್ ಪೈಪ್ ಹಳೆಯದಾಗಿದ್ದರೆ ಬದಲಾಯಿಸಿ. ವೆಲ್ಡಿಂಗ್ ಮಾಡಿಸೋದಾದರೆ, ವಾಸನೆ ನೋಡಿ ಇವತ್ತು ಆಗಲ್ಲ ಅನ್ನುವ ಮೇಸ್ತ್ರಿ ಹತ್ತಿರವೇ ಹೋಗಿ.

ಡಿಗ್ರಿಯಲ್ಲಿ ನಮಗೆ ಸವಕಳಿ ಲೆಕ್ಕ ಹೇಳಿಕೊಟ್ಟರು. ಎರಡು ಪದ್ಧತಿ. ಒಂದರಲ್ಲಿ ಪ್ರತಿ ವರ್ಷ ಒಂದೇ ಮೊತ್ತ ಕಳೀತಾ ಹೋಗ್ತೀವಿ, ಯಂತ್ರದ ಬೆಲೆ ಒಂದು ದಿನ ಸೊನ್ನೆಗೋ ಗುಜರಿ ಬೆಲೆಗೋ ಬಂದು ನಿಲ್ಲುತ್ತೆ. ಇನ್ನೊಂದರಲ್ಲಿ ಉಳಿದ ಬೆಲೆಯ ಮೇಲೆ ಇಷ್ಟು ಪರ್ಸೆಂಟ್ ಅಂತ ಕಳೆಯೋದು. ಬೆಲೆ ಕಡಿಮೆ ಆಗ್ತಾ ಹೋಗುತ್ತೆ, ಸೊನ್ನೆ ಮಾತ್ರ ಯಾವತ್ತೂ ಮುಟ್ಟೋದಿಲ್ಲ. ಪರೀಕ್ಷೆಯಲ್ಲಿ ನನಗೆ ಈ ಎರಡನೆಯದು ಬರೀ ತಲೆನೋವು ಅನಿಸಿತ್ತು. ಈಗ ಅದೇ ಸರಿ ಅನಿಸುತ್ತೆ.

ಮಿಷಿಗನ್‌ನ ಗಾಡಿಯ ಎರಡನೇ ಟ್ಯಾಂಕ್ ಹೋದ ವಾರ ಇಳಿಸಿದರಂತೆ. ಮೊದಲನೆಯದಕ್ಕಿಂತ ಕೆಟ್ಟಿದೆಯಂತೆ. ನಮ್ಮ ಯೆಜ್ಡಿ ಐದನೇ ಕಿಕ್ಕಿಗೆ ಸ್ಟಾರ್ಟ್ ಆಯ್ತು. ಬೀದಿ ತುಂಬ ಹೊಗೆ. ಮಾವ ಬೀದಿಯ ಕೊನೆಯವರೆಗೆ ಹೋಗಿ ಬಂದು, ಬೈಕ್ ನಿಲ್ಲಿಸಿ, ಮೊದಲು ಬಗ್ಗಿ ಟ್ಯಾಂಕಿನ ತಳ ಮುಟ್ಟಿ ನೋಡಿದರು. ಕೈ ಒಣಗಿತ್ತು.

ಆರ್‌ಟಿಒ ತಾರೀಕು ಇನ್ನೂ ಬಂದಿಲ್ಲ. ಬಂದ ಮೇಲೆ ಏನಾಯ್ತು ಅಂತ ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ. ನಿಮ್ಮ ಮನೆಯಲ್ಲೂ ಹೀಗೆ ಮೂಲೆಯಲ್ಲಿ ನಿಂತ ಗಾಡಿ ಇದ್ದರೆ ಅದರ ಕಥೆ ಬರೆದು ಕಳಿಸಿ.